ಒಂದು ಪೌಂಡಿಗೆ ಮಾರಿದ ಕಣಜ

ನಮ್ಮ ಓಣಿಯ ತಿರುವಿನಲ್ಲಿ ಒಂದು ಹಗೇವು ಇತ್ತು. ಚಿಕ್ಕವರಿದ್ದಾಗ ಅದರ ಬಾಯಿಗೆ ಮುಚ್ಚಿದ ಕಲ್ಲಿನ ಮೇಲೆ ಕೂತು ಆಡಿದ್ದೇವೆ. ಆ ಕಲ್ಲಿನ ಕೆಳಗೆ ಆಳು ಇಳಿಯುವಷ್ಟು ಆಳದ ಗುಂಡಿ, ಸುತ್ತ ಹುಲ್ಲು, ನಡುವೆ ವರ್ಷಗಟ್ಟಲೆ ಕೆಡದ ಜೋಳ. ಕಲ್ಲು ಸರಿಸಿದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲವಂತೆ. ಒಳಗಿನ ಕೆಟ್ಟ ಗಾಳಿ ಹೋಗಲೆಂದು ಸ್ವಲ್ಪ ಹೊತ್ತು ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ಇದನ್ನೆಲ್ಲ ಹೇಳಿದ್ದು ನನ್ನ ಅಜ್ಜಿ. ನಾನು ಕಂಡದ್ದು ಕಲ್ಲು ಮಾತ್ರ. ಕಾಂಕ್ರೀಟ್ ರಸ್ತೆ ಬಂದಾಗ ಟ್ರ್ಯಾಕ್ಟರ್‌ನಲ್ಲಿ ಮಣ್ಣು ತಂದು ಸುರಿದು ಅದನ್ನು ಮುಚ್ಚಿದರು. ಅದರ ಒಂದು ಫೋಟೊ ಕೂಡ ಊರಲ್ಲಿ ಯಾರ ಬಳಿಯೂ ಇಲ್ಲ. ಪತ್ರಿಕೋದ್ಯಮ ಓದಿದ ನನ್ನ ಬಳಿಯೂ ಇಲ್ಲ.

ಆ ನೆನಪು ಮತ್ತೆ ಕೆದಕಿದ್ದು ದೂರದ ಒಂದು ಊರಿನ ಕಥೆ. ಬೆಂಗಳೂರಿನಿಂದ ಲಂಡನ್‌ಗೆ ಹೋಗುವ ವಿಮಾನ ಹೀಥ್ರೋದಲ್ಲಿ ಇಳಿಯುತ್ತದೆ. ಓದಲು, ಕೆಲಸ ಮಾಡಲು ಹೋದ ನಮ್ಮ ಕಡೆಯ ಎಷ್ಟೋ ಮಕ್ಕಳು ಅಲ್ಲಿ ಇಳಿದಿದ್ದಾರೆ. ಆ ನಿಲ್ದಾಣದ ಉತ್ತರದ ಅಂಚಿಗೇ ಹಾರ್ಮಂಡ್ಸ್‌ವರ್ತ್ ಎಂಬ ಹಳ್ಳಿ ಇದೆ. ಆ ಹಳ್ಳಿಯಲ್ಲಿ ಆರು ನೂರು ವರ್ಷದ ಹಿಂದೆ ಕಟ್ಟಿದ ಒಂದು ಕಣಜ ಇವತ್ತಿಗೂ ನಿಂತಿದೆ. ಒಮ್ಮೆ ಅದು ಒಂದೇ ಒಂದು ಪೌಂಡಿಗೆ ಮಾರಾಟವಾಗಿತ್ತು. ಇವತ್ತು ಅದರ ಬಾಗಿಲು ತೆಗೆದು ಬಂದವರನ್ನು ಒಳಗೆ ಕರೆಯುವವರು ಅಲ್ಲಿಯ ಊರಿನವರೇ.

ಕಣ, ಬಣವೆ, ಕಣಜ ಮೂರೂ ಒಂದೇ ಸೂರಿನಡಿ

ಇಂಗ್ಲೆಂಡಿನವರು ‘ಬಾರ್ನ್’ ಎನ್ನುವ ಕಟ್ಟಡಕ್ಕೆ ನಮ್ಮಲ್ಲಿ ಸರಿಯಾದ ಒಂದು ಹೆಸರಿಲ್ಲ. ಅದಕ್ಕೆ ಕಾರಣ ಹವಾಮಾನ. ನಮ್ಮಲ್ಲಿ ಸುಗ್ಗಿಯ ಹೊತ್ತಿಗೆ ಆಕಾಶ ತಿಳಿಯಾಗಿರುತ್ತದೆ. ಸಿವುಡು ಕಟ್ಟಿ, ಬಣವೆ ಒಟ್ಟಿ, ಬಯಲಲ್ಲೇ ಕಣ ಮಾಡಿ ಒಕ್ಕುತ್ತೇವೆ. ಕಾಳು ಮಾತ್ರ ಹಗೇವಿಗೋ ಕಣಜಕ್ಕೋ ಹೋಗುತ್ತದೆ. ಅಲ್ಲಿ ಹಾಗಲ್ಲ. ಬೇಸಿಗೆಯ ಕೊನೆಯಲ್ಲಿ ಕೊಯ್ಲು ಆಗುತ್ತದೆ, ಮಳೆ ಯಾವಾಗ ಬರುತ್ತದೋ ಹೇಳಲಾಗದು, ಅದರ ಬೆನ್ನಿಗೇ ಚಳಿಗಾಲ. ಹಾಗಾಗಿ ತೆನೆ ಸಮೇತ ಸಿವುಡುಗಳನ್ನೆಲ್ಲ ಸೂರಿನೊಳಗೆ ತಂದು ಒಟ್ಟುತ್ತಿದ್ದರು. ಬಾಗಿಲ ಎದುರಿನ ಗಟ್ಟಿ ನೆಲವೇ ಕಣ. ಚಳಿಗಾಲ ಪೂರ್ತಿ ಅಲ್ಲಿ ನಿಂತು ಕೋಲಿನಿಂದ ಬಡಿದು ಗೋಧಿ, ಬಾರ್ಲಿ, ಓಟ್ಸ್ ಬೇರೆ ಮಾಡುತ್ತಿದ್ದರು. ಅಂದರೆ ನಮ್ಮ ಬಣವೆ, ಕಣ, ಕಣಜ ಮೂರನ್ನೂ ಒಂದೇ ಮಾಡಿನಡಿ ಇಟ್ಟರೆ ಅದು ಬಾರ್ನ್. ಇಲ್ಲಿ ಸುಲಭಕ್ಕೆ ಕಣಜ ಎಂದೇ ಕರೆಯುತ್ತೇನೆ.

ಹಾರ್ಮಂಡ್ಸ್‌ವರ್ತ್‌ನ ಕಣಜದ ಉದ್ದ 192 ಅಡಿ, ಅಗಲ 37 ಅಡಿ, ಎತ್ತರ 39 ಅಡಿ. ಐದು ಕೆಂಪು ಬಸ್ಸುಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಿದರೆ ಹೆಚ್ಚುಕಡಿಮೆ ಅಷ್ಟು ಉದ್ದವಾಗುತ್ತದೆ. ನಮ್ಮ ಹಳೆ ಮನೆಗಳನ್ನು ಅಂಕಣದ ಲೆಕ್ಕದಲ್ಲಿ ಹೇಳುತ್ತೇವಲ್ಲ, ಅದೇ ಲೆಕ್ಕದಲ್ಲಿ ಇದು 12 ಅಂಕಣದ ಕಟ್ಟಡ, ಒಂದೊಂದು ಅಂಕಣ 16 ಅಡಿ. ಕಂಬ, ತೊಲೆ, ಜಂತಿ ಎಲ್ಲವೂ ಓಕ್ ಮರದವು. ಒಂದು ಮರಕ್ಕೆ ಇನ್ನೊಂದನ್ನು ಕಚ್ಚು ಕೊರೆದು ಕೂಡಿಸಿ ಮರದ ಗೂಟ ಬಡಿದಿದ್ದಾರೆ. ಕಂಬದ ಬುಡಗಳು ಕಲ್ಲಿನ ಮೇಲೆ ಕೂತಿವೆ. ನೆಲದ ತೇವ ಮರಕ್ಕೆ ಹತ್ತಬಾರದೆಂಬ ಆ ಉಪಾಯ ನಮ್ಮ ತೊಟ್ಟಿಮನೆ ಕಟ್ಟಿದ ಬಡಗಿಗಳಿಗೂ ಗೊತ್ತಿತ್ತು.

ಒಳಗೆ ಹೋದವರು ತಲೆಯೆತ್ತಿ ನೋಡಿ ಸುಮ್ಮನಾಗಿಬಿಡುತ್ತಾರಂತೆ. ಎರಡು ಸಾಲು ಕಂಬ, ನಡುವೆ ಎತ್ತರದ ಅಂಗಳ, ಎರಡೂ ಬದಿಗೆ ತಗ್ಗಿನ ಪಡಸಾಲೆ. ದೊಡ್ಡ ಚರ್ಚಿನ ಒಳಗೆ ಹೊಕ್ಕಂತೆಯೇ ಇರುತ್ತದೆ. ಹಳೆ ಕಟ್ಟಡಗಳ ಪರ ಜೀವನವಿಡೀ ಹೋರಾಡಿದ ಕವಿ ಜಾನ್ ಬೆಟ್ಜೆಮನ್ ಇದಕ್ಕೆ ‘ಮಿಡ್ಲ್‌ಸೆಕ್ಸ್‌ನ ಕೆಥೆಡ್ರಲ್’ ಎಂದು ಹೆಸರಿಟ್ಟ. ಮಿಡ್ಲ್‌ಸೆಕ್ಸ್ ಎಂದರೆ ಆ ಹಳ್ಳಿ ಇದ್ದ ಹಳೆಯ ಜಿಲ್ಲೆ, ಕೆಥೆಡ್ರಲ್ ಎಂದರೆ ಬಿಷಪ್ಪರ ಮಹಾದೇವಾಲಯ. ವ್ಯತ್ಯಾಸ ಒಂದೇ: ಇಲ್ಲಿ ತುಂಬಿದ್ದು ಭಕ್ತರಲ್ಲ, ಹುಲ್ಲು ಮತ್ತು ತೆನೆ.

ಯಾರ ಬೆವರು, ಯಾರ ಕಣಜ

ಇದು ಊರವರು ತಮಗಾಗಿ ಕಟ್ಟಿಕೊಂಡ ಕಣಜವಲ್ಲ ಎಂಬುದನ್ನು ಮೊದಲೇ ಹೇಳಬೇಕು. ಹಳ್ಳಿ ಪೂರ್ತಿ ಒಂದು ಉಂಬಳಿಯಂತೆ ಇತ್ತು. ಫ್ರಾನ್ಸಿನಿಂದ ಬಂದು ಇಂಗ್ಲೆಂಡ್ ಗೆದ್ದ ರಾಜ ವಿಲಿಯಂ ಆ ನೆಲವನ್ನು ಫ್ರಾನ್ಸಿನ ರೂವಾನ್ ಪಟ್ಟಣದ ಒಂದು ಮಠಕ್ಕೆ ಕೊಟ್ಟಿದ್ದ. ಉಳುವವರು ಇಲ್ಲಿ, ಒಡೆಯರು ಸಮುದ್ರದಾಚೆ.

ಒಕ್ಕಲುಗಳು ಸುಮ್ಮನೆ ಇರಲಿಲ್ಲ. 1270ರ ದಶಕದಲ್ಲಿ ಅವರು ರಾಜನ ನ್ಯಾಯಾಲಯಕ್ಕೆ ಹೋದರು. ಹಿಂದೆ ಈ ನೆಲ ರಾಜನದೇ ಆಗಿತ್ತು, ನಾವು ರಾಜನ ಒಕ್ಕಲುಗಳು, ನಮ್ಮ ಮೇಲೆ ಮನಬಂದಂತೆ ಬಿಟ್ಟಿ ಕೆಲಸ ಹೇರುವಂತಿಲ್ಲ ಎಂಬುದು ಅವರ ವಾದ. ಆಗ ನ್ಯಾಯಾಲಯ ‘ಡೂಮ್ಸ್‌ಡೇ ಬುಕ್’ ತೆರೆಸಿತು. 1086ರಲ್ಲಿ ಇಂಗ್ಲೆಂಡಿನ ಊರೂರಿನ ಭೂಮಿ, ನೇಗಿಲು, ಒಕ್ಕಲುಗಳನ್ನು ಬರೆಸಿದ ದಾಖಲೆ ಅದು. ನಮ್ಮ ಪಹಣಿಯ ಮುತ್ತಜ್ಜ ಎನ್ನಬಹುದು. ಅದರಲ್ಲಿ ಬರೆದಿದ್ದುದು ಒಕ್ಕಲುಗಳ ಪರವಾಗಿರಲಿಲ್ಲ. ಅವರು ಸೋತರು. ಸೋತ ಮೇಲೂ ಜಗಳ ತಣ್ಣಗಾಗಲಿಲ್ಲ.

1391ರಲ್ಲಿ ವಿಂಚೆಸ್ಟರ್‌ನ ಬಿಷಪ್ ವಿಲಿಯಂ ಆಫ್ ವೈಕಂ ಈ ಊರನ್ನು ಕೊಂಡ. ತಾನು ಸ್ಥಾಪಿಸಿದ ವಿಂಚೆಸ್ಟರ್ ಕಾಲೇಜಿನ ಖರ್ಚಿಗೆ ಅದರ ಆದಾಯ ಬರಲಿ ಎಂಬುದು ಅವನ ಉದ್ದೇಶ. ಹಳ್ಳಿಯ ಗೋಧಿಯಿಂದ ದೂರದ ಊರಿನ ಹುಡುಗರು ಓದಬೇಕಿತ್ತು. ಆ ಕಾಲೇಜೇ 1425-27ರ ಸುಮಾರಿಗೆ ಈ ಕಣಜ ಕಟ್ಟಿಸಿತು.

ಇಷ್ಟು ಖಚಿತವಾಗಿ ವರ್ಷ ಹೇಳಲು ಎರಡು ಸಾಕ್ಷಿಗಳಿವೆ. ಒಂದು, ಕಾಲೇಜಿನವರು ಜೋಪಾನ ಮಾಡಿದ ಹಳೆ ಲೆಕ್ಕಪತ್ರ. ಇನ್ನೊಂದು, ಮರವೇ ಹೇಳುವ ಸಾಕ್ಷಿ. ಮರ ವರ್ಷಕ್ಕೊಂದು ಉಂಗುರ ಬೆಳೆಯುತ್ತದೆ. ಒಳ್ಳೆಯ ವರ್ಷ ಉಂಗುರ ದಪ್ಪ, ಕಷ್ಟದ ವರ್ಷ ತೆಳು. ಆ ದಪ್ಪ ತೆಳುವಿನ ಸಾಲನ್ನು ವರ್ಷ ಗೊತ್ತಿರುವ ಬೇರೆ ಮರಗಳ ಸಾಲಿನೊಂದಿಗೆ ಹೊಂದಿಸಿದರೆ ಮರ ಕಡಿದ ವರ್ಷ ಸಿಗುತ್ತದೆ. ಕಾಗದ ಮತ್ತು ಮರ ಎರಡೂ ಒಂದೇ ಕಾಲವನ್ನು ಹೇಳಿದವು.

ಅನೇಕರು ಇದನ್ನು ‘ಟೈತ್ ಬಾರ್ನ್’ ಎನ್ನುತ್ತಾರೆ. ಬೆಳೆಯಲ್ಲಿ ಹತ್ತರಲ್ಲೊಂದು ಪಾಲನ್ನು ಚರ್ಚಿಗೆ ಕೊಡುತ್ತಿದ್ದ ಕಾಣಿಕೆಯನ್ನು ತುಂಬುವ ಕಣಜ ಅದು. ಇದು ಅದಲ್ಲ. ಇದು ಒಡೆಯನ ಹೊಲದ ಬೆಳೆ ತುಂಬಲು ಕಟ್ಟಿದ್ದು. 1544ರಲ್ಲಿ ರಾಜ ಎಂಟನೇ ಹೆನ್ರಿ ಬೇರೆ ಜಮೀನು ಕೊಟ್ಟು ಕಾಲೇಜಿನಿಂದ ಈ ಊರನ್ನು ಪಡೆದ. ಆಮೇಲೆ ಒಡೆಯರು ಬದಲಾಗುತ್ತ ಹೋದರು. ಕಣಜದ ಕೆಲಸ ಬದಲಾಗಲಿಲ್ಲ. 1970ರ ದಶಕದವರೆಗೂ ಅದು ಕೃಷಿಗೆ ಬಳಕೆಯಲ್ಲಿತ್ತು. ಐದೂವರೆ ಶತಮಾನ ಒಂದೇ ಕೆಲಸ! ಕಟ್ಟಡ ಉಳಿದದ್ದೂ ಅದರಿಂದಲೇ. ಒಳಗೆ ಬೆಳೆ ಇದ್ದರೆ ಹೆಂಚು ಜಾರಿದ ದಿನವೇ ಯಾರಾದರೂ ಏಣಿ ಹಾಕುತ್ತಾರೆ.

ಕೆಡವುವಂತಿಲ್ಲ, ಆದರೆ ಸೋರಬಹುದು

ಎರಡನೇ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡ್ ತನ್ನ ಹಳೆ ಕಟ್ಟಡಗಳ ಪಟ್ಟಿ ಮಾಡಿತು. 1947ರ ಯೋಜನಾ ಕಾಯ್ದೆ ಅದಕ್ಕೆ ದಾರಿ ಮಾಡಿಕೊಟ್ಟಿತ್ತು. ಅರಮನೆ, ಚರ್ಚು ಮಾತ್ರವಲ್ಲ, ಕೊಟ್ಟಿಗೆ, ಗಿರಣಿ, ಸೇತುವೆಗಳೂ ಪಟ್ಟಿಗೆ ಬಂದವು. 1950ರಲ್ಲಿ ಈ ಕಣಜ ಅತಿ ಮೇಲಿನ ದರ್ಜೆಯಲ್ಲಿ ಸೇರಿತು. ಅಂದಿನಿಂದ ಮಾಲೀಕ ಯಾರೇ ಇರಲಿ, ಅನುಮತಿಯಿಲ್ಲದೆ ಕೆಡವುವಂತಿಲ್ಲ, ರೂಪ ಬದಲಿಸುವಂತಿಲ್ಲ.

ಆದರೆ ಕಾನೂನಿಗೂ ಒಂದು ಮಿತಿ ಇದೆ. ಕೆಡವಬೇಡ ಎಂದು ಅದು ಹೇಳಬಹುದು. ದಿನಾ ಬೆಳಿಗ್ಗೆ ಹೋಗಿ ಹೆಂಚು ನೋಡಿಕೊಂಡು ಬಾ ಎಂದು ಹೇಳಲಾರದು. ಒಕ್ಕಲುತನ ನಿಂತ ಮೇಲೆ ಕಣಜ ಕಟ್ಟಡ ವ್ಯವಹಾರದವರ ಕೈಗೆ ಹೋಯಿತು. ಅವರ ಕಂಪನಿ ಮುಳುಗಿತು. 2006ರಲ್ಲಿ ಜಿಬ್ರಾಲ್ಟರ್‌ನಲ್ಲಿ ನೋಂದಣಿಯಾದ ಒಂದು ಕಂಪನಿ ಅದನ್ನು ಕೊಂಡಿತು. ಬೆಲೆ ಒಂದು ಪೌಂಡ್. ಬೆಂಗಳೂರಿನ ಹೋಟೆಲಿನಲ್ಲಿ ಒಂದು ಊಟದ ದುಡ್ಡು.

ಅಷ್ಟು ಅಗ್ಗ ಏಕೆಂದರೆ ಕೊಂಡವನ ತಲೆಗೆ ರಿಪೇರಿಯ ಹೊರೆಯೂ ಬರುತ್ತಿತ್ತು. ಆದರೆ ರಿಪೇರಿ ನಡೆಯಲಿಲ್ಲ. ಹೆಂಚು ಜಾರಿತು, ಹಲಗೆ ಕೊಳೆಯಿತು, ಬಾಗಿಲಿಗೆ ಬೀಗ ಬಿತ್ತು. ಪಕ್ಕದ ವಿಮಾನ ನಿಲ್ದಾಣಕ್ಕೆ ಮೂರನೇ ರನ್‌ವೇ ಬಂದರೆ ಪರಿಹಾರದ ಹಣ ಸಿಗುತ್ತದೆ, ಅದಕ್ಕೇ ಕಾದು ಕೂತಿದ್ದಾರೆ ಎಂಬ ಅನುಮಾನ ಜನರಲ್ಲಿತ್ತು.

ಈ ಅನುಮಾನಕ್ಕೆ ಹಿನ್ನೆಲೆ ಇದೆ. ವಿಮಾನ ನಿಲ್ದಾಣಕ್ಕೆ ಹೆಸರು ಕೊಟ್ಟ ‘ಹೀಥ್ ರೋ’ ಕೂಡ ಒಂದು ಪುಟ್ಟ ಊರೇ ಆಗಿತ್ತು. ಸುತ್ತಲೂ ಲಂಡನ್ ಪೇಟೆಗೆ ತರಕಾರಿ ಬೆಳೆಯುವ ಫಲವತ್ತಾದ ಹೊಲಗಳು. 1944ರಲ್ಲಿ ಯುದ್ಧ ವಿಮಾನಗಳಿಗೆ ಬೇಕೆಂದು ಸರ್ಕಾರ ಯುದ್ಧಕಾಲದ ಅಧಿಕಾರ ಬಳಸಿ ಅದನ್ನು ತೆಗೆದುಕೊಂಡಿತು. ಮನೆಗಳನ್ನು ಕೆಡವಿದರು. 1946ರಲ್ಲಿ ಅಲ್ಲಿಂದ ಹಾರಿದ್ದು ಪ್ರಯಾಣಿಕರ ವಿಮಾನ. ಆಗ ವಾಯುಯಾನ ಖಾತೆಯ ಕಿರಿಯ ಸಚಿವನಾಗಿದ್ದ ಹೆರಾಲ್ಡ್ ಬಾಲ್ಫರ್ ಬಹಳ ವರ್ಷಗಳ ಮೇಲೆ ಆತ್ಮಕಥೆಯಲ್ಲಿ ನಿಜ ಒಪ್ಪಿಕೊಂಡ: ಮೊದಲಿನಿಂದಲೂ ಮನಸ್ಸಿನಲ್ಲಿದ್ದದ್ದು ಲಂಡನ್‌ಗೆ ನಾಗರಿಕ ವಿಮಾನ ನಿಲ್ದಾಣವೇ, ಯುದ್ಧ ನೆಪವಾಗಿತ್ತು. ಊರು ಹೋಯಿತು, ಹೆಸರು ವಿಮಾನದ ಟಿಕೆಟ್ಟಿನ ಮೇಲೆ ಉಳಿಯಿತು. ಅದರ ಪಕ್ಕದ ಹಳ್ಳಿಯವರಿಗೆ ಇಂಥ ಅನುಮಾನ ಬರುವುದು ಸಹಜ.

ಬಾಗಿಲು ತೆಗೆದವರು

ಕಣಜ ಹಾಳಾಗುತ್ತಿದ್ದಾಗ ಅದರ ಪರವಾಗಿ ಬಿಡದೆ ಮಾತಾಡಿದವರು ಊರಿನ ಜನ ಮತ್ತು ಹಳೆ ಕಟ್ಟಡಗಳ ಮೇಲೆ ಪ್ರೀತಿ ಇಟ್ಟ ಕೆಲವರು. ಕೊನೆಗೆ 2009ರಲ್ಲಿ, ಸರ್ಕಾರದ ಪರವಾಗಿ ಸ್ಮಾರಕಗಳನ್ನು ನೋಡಿಕೊಳ್ಳುತ್ತಿದ್ದ ಇಂಗ್ಲಿಷ್ ಹೆರಿಟೇಜ್ ಸಂಸ್ಥೆ ಮಧ್ಯೆ ಪ್ರವೇಶಿಸಿ ತುರ್ತು ರಿಪೇರಿ ಮಾಡಿಸಿತು. 2012ರಲ್ಲಿ 20,000 ಪೌಂಡ್ ಕೊಟ್ಟು ಕಣಜವನ್ನೇ ಕೊಂಡಿತು. ಆಗಿನ ಲೆಕ್ಕದಲ್ಲಿ ಸುಮಾರು 16 ಲಕ್ಷ ರೂಪಾಯಿ. ಒಂದು ಪೌಂಡಿಗೆ ಹೋಗಿದ್ದು ಆರು ವರ್ಷದಲ್ಲಿ ಇಪ್ಪತ್ತು ಸಾವಿರಕ್ಕೆ ಬಂತು. ಮೊದಲೇ ಎಚ್ಚರ ವಹಿಸಿದ್ದರೆ ಎಷ್ಟು ಉಳಿಯುತ್ತಿತ್ತೋ ನೀವೇ ಲೆಕ್ಕ ಹಾಕಿ. ಸ್ಟೋನ್‌ಹೆಂಜ್‌ನ ದೊಡ್ಡ ಕಲ್ಲುಗಳು, ಡೋವರ್ ಕೋಟೆ ಇರುವ ರಾಷ್ಟ್ರೀಯ ಪಟ್ಟಿಯಲ್ಲಿ ಈಗ ಒಂದು ಹೊಲದ ಕಣಜಕ್ಕೂ ಜಾಗ ಸಿಕ್ಕಿತು.

ಆಮೇಲೆ ದೊಡ್ಡ ರಿಪೇರಿ ನಡೆಯಿತು. ಅದನ್ನು ಮಾಡಿದ ರೀತಿ ತಿಳಿಯುವಂಥದ್ದು. ನಮ್ಮಲ್ಲಿ ಜೀರ್ಣೋದ್ಧಾರ ಎಂದರೆ ಎಷ್ಟೋ ಸಲ ಹಳೆಯದನ್ನು ಕಿತ್ತು ಟೈಲ್ಸ್ ಹಾಕಿ ಬಣ್ಣ ಬಳಿಯುವುದು. ನೂರೈವತ್ತು ವರ್ಷದ ಹಿಂದೆ ಇಂಗ್ಲೆಂಡಿನಲ್ಲೂ ಇದೇ ಚಾಳಿ ಇತ್ತು. ಅದರ ವಿರುದ್ಧ 1877ರಲ್ಲಿ ವಿಲಿಯಂ ಮಾರಿಸ್ ಎಂಬ ಬರಹಗಾರ, ಕುಶಲಕರ್ಮಿ ಗೆಳೆಯರೊಂದಿಗೆ ಒಂದು ಸಂಘ ಕಟ್ಟಿದ. ಹಳೆಯದನ್ನು ಹೊಸದರಂತೆ ಮಾಡಲು ಹೋಗಬೇಡಿ, ದಿನದಿನದ ಆರೈಕೆಯಿಂದ ಅದು ಕೆಡದಂತೆ ನೋಡಿಕೊಳ್ಳಿ ಎಂಬುದು ಆ ಸಂಘದ ತಿಳಿವಳಿಕೆ. ಅದು ಇವತ್ತಿಗೂ ಕೆಲಸ ಮಾಡುತ್ತಿದೆ.

ಕಣಜದ ರಿಪೇರಿಯೂ ಆ ದಾರಿಯಲ್ಲೇ ಸಾಗಿತು. ಕೊಳೆತ ಭಾಗವನ್ನಷ್ಟೇ ಕತ್ತರಿಸಿ ಅದೇ ಜಾತಿಯ ಓಕ್ ತುಂಡು ಬೆಸೆಯುವುದು, ಗಟ್ಟಿ ಇದ್ದ ಮರವನ್ನು ಮುಟ್ಟದೆ ಬಿಡುವುದು, ಹೆಂಚಿನ ಜಾಗಕ್ಕೆ ಹೆಂಚು, ಹಲಗೆಯ ಜಾಗಕ್ಕೆ ಹಲಗೆ. ಒಳಗಿನ ಮರದಲ್ಲಿ ನೂರಕ್ಕೆ ಸುಮಾರು 95 ಪಾಲು ಮೊದಲು ಕಟ್ಟಿದಾಗಿನದೇ ಎಂದು ಹೇಳಲಾಗುತ್ತದೆ. ಆರು ನೂರು ವರ್ಷದ ಹಿಂದಿನ ಬಡಗಿಯ ಉಳಿಯ ಗುರುತನ್ನು ಈಗಿನ ಶಾಲೆಯ ಮಗು ಕೈಯಿಂದ ಸವರಿ ನೋಡಬಹುದು.

ಊರವರು ಈ ಕಣಜಕ್ಕಾಗಿಯೇ ‘ಫ್ರೆಂಡ್ಸ್ ಆಫ್ ದ ಗ್ರೇಟ್ ಬಾರ್ನ್’ ಎಂಬ ಗೆಳೆಯರ ಬಳಗ ಕಟ್ಟಿಕೊಂಡರು. ಕಟ್ಟಡದ ಹೊಣೆ ಇಂಗ್ಲಿಷ್ ಹೆರಿಟೇಜ್‌ನದು, ಬಾಗಿಲು ತೆಗೆಯುವ ಕೆಲಸ ಈ ಬಳಗದ್ದು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ತಿಂಗಳಿಗೆ ಎರಡು ಭಾನುವಾರ ಕಣಜ ತೆರೆದಿರುತ್ತದೆ. ಟಿಕೆಟ್ ಇಲ್ಲ. ಊರವರೇ ನಿಂತು ಬಂದವರಿಗೆ ತೋರಿಸುತ್ತಾರೆ, ಕಥೆ ಹೇಳುತ್ತಾರೆ. ಒಂದು ಕಾಲದಲ್ಲಿ ಒಡೆಯನ ತೆನೆ ಹೊತ್ತು ಒಳಗೆ ಹೋಗುತ್ತಿದ್ದ ಊರಿನ ಜನ ಈಗ ಬಂದವರನ್ನು ತಮ್ಮ ಮನೆಗೆ ಕರೆದಂತೆ ಒಳಗೆ ಕರೆಯುತ್ತಾರೆ. ಡೂಮ್ಸ್‌ಡೇ ಬುಕ್ ಮುಂದೆ ಸೋತವರ ಊರು ಇದು ಎಂಬುದನ್ನು ನೆನೆದರೆ ಇದು ಸಣ್ಣ ಮಾತಲ್ಲ.

ತಿಂಗಳಿಗೆ ಎರಡೇ ದಿನ ಸಾಕೇ, ಮದುವೆಗೆ ಕೊಟ್ಟರೆ ಆದಾಯ ಬರುವುದಿಲ್ಲವೇ ಎಂದು ನೀವು ಕೇಳಬಹುದು. ಹಾಗೆ ಮಾಡಿದ ಕಣಜಗಳೂ ಅಲ್ಲಿವೆ. ಎಸೆಕ್ಸ್ ಜಿಲ್ಲೆಯ ಕ್ರೆಸ್ಸಿಂಗ್ ಟೆಂಪಲ್‌ನಲ್ಲಿ 13ನೇ ಶತಮಾನದ ಎರಡು ಕಣಜಗಳಿವೆ, ಒಂದು ಬಾರ್ಲಿಗೆ, ಇನ್ನೊಂದು ಗೋಧಿಗೆ. 1987ರಲ್ಲಿ ಅವನ್ನು ಜಿಲ್ಲಾ ಆಡಳಿತವೇ ಕೊಂಡಿತು. ಅಲ್ಲಿ ಮದುವೆ, ಮೇಳ, ಕಾರ್ಯಕ್ರಮ ನಡೆಯುತ್ತವೆ, ಆ ಬಾಡಿಗೆ ಕಟ್ಟಡಗಳ ಆರೈಕೆಗೆ ನೆರವಾಗುತ್ತದೆ. ಎರಡೂ ದಾರಿ ಸರಿಯೇ. ಆದರೆ ಒಂದು ಎಚ್ಚರ ಬೇಕು. ಹಳೆ ಕಟ್ಟಡಕ್ಕೆ ಅಡುಗೆಮನೆ, ಶೌಚಾಲಯ, ಬೆಚ್ಚಗಿಡುವ ಯಂತ್ರ ತುರುಕುತ್ತ ಹೋದರೆ ಕೊನೆಗೆ ಉಳಿಯುವುದು ಕಲ್ಯಾಣ ಮಂಟಪವೇ ಹೊರತು ಕಣಜವಲ್ಲ. ಜಾಗ ಇದ್ದಲ್ಲಿ ಅವನ್ನೆಲ್ಲ ಪಕ್ಕದಲ್ಲಿ ಕಟ್ಟಬಹುದು. ಜಾಗ ಇಲ್ಲದಿದ್ದರೆ ಕಟ್ಟಡ ತಾಳುವಷ್ಟೇ ಬಳಕೆ.

ಕಣಜ ಉಳಿದು ಊರು ಹೋದರೆ?

ಕಥೆ ಇಲ್ಲಿಗೆ ಸುಖವಾಗಿ ಮುಗಿಯಿತು ಎನ್ನುವಂತಿಲ್ಲ. ಮೂರನೇ ರನ್‌ವೇ ಯೋಜನೆ ಸತ್ತು ಸತ್ತು ಎದ್ದಿದೆ. 2009ರಲ್ಲಿ ಸರ್ಕಾರ ಒಪ್ಪಿತು, 2010ರಲ್ಲಿ ಬಂದ ಹೊಸ ಸರ್ಕಾರ ಕೈಬಿಟ್ಟಿತು. 2018ರಲ್ಲಿ ಸಂಸತ್ತು ಮತ್ತೆ ಒಪ್ಪಿಗೆ ಕೊಟ್ಟಿತು. 2020ರ ಫೆಬ್ರವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಡೆಯಿತು, ಅದೇ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ತಡೆಯನ್ನು ತೆಗೆಯಿತು. 2025ರ ಜನವರಿಯಲ್ಲಿ ಹಣಕಾಸು ಸಚಿವೆ ರೇಚಲ್ ರೀವ್ಸ್ ಯೋಜನೆಗೆ ಬೆಂಬಲ ಘೋಷಿಸಿದರು.

ಸಂಸತ್ತು ಒಪ್ಪಿದ ನಕ್ಷೆಯ ಪ್ರಕಾರ ನಡೆದರೆ ಹಾರ್ಮಂಡ್ಸ್‌ವರ್ತ್‌ನ ಬಹುಪಾಲು ಮನೆಗಳು ಹೋಗುತ್ತವೆ. ಕಣಜ ಮತ್ತು ಅದರ ಪಕ್ಕದ ಹಳೆ ಚರ್ಚು ಮಾತ್ರ ಬೇಲಿಯ ಅಂಚಿಗೆ, ಆಚೆ ಉಳಿಯುತ್ತವೆ. ಕಟ್ಟಡಕ್ಕೆ ಕಾನೂನಿನ ರಕ್ಷಣೆ ಇದೆ, ಅದರ ಬಾಗಿಲು ತೆಗೆಯುವ ಜನರ ಮನೆಗಳಿಗೆ ಇಲ್ಲ. ಆರು ನೂರು ವರ್ಷದ ಮರ ನಿಂತಿರುತ್ತದೆ, ಭಾನುವಾರ ಬೀಗದ ಕೈ ಹಿಡಿದು ನಡೆದು ಬರಲು ಓಣಿಯೇ ಇರುವುದಿಲ್ಲ. ಹೆಂಚು ಜಾರಿದ್ದನ್ನು ಮೊದಲು ಯಾರು ನೋಡಬೇಕು? ಕಣಜವನ್ನು ಉಳಿಸಿಕೊಂಡ ಊರು ಈಗ ತನ್ನನ್ನು ಉಳಿಸಿಕೊಳ್ಳಲು ಹೋರಾಡುತ್ತಿದೆ.

ಈ ಇತಿಹಾಸ ಓದಿದ ಮೇಲೆ ನನಗೆ ಉಳಿದ ಪಾಠ ಇಷ್ಟು. ಹಣ ಬಂದದ್ದು ಕೊನೆಗೆ. ಅದಕ್ಕೂ ಮೊದಲು ಕಾಲೇಜಿನ ಲೆಕ್ಕಪತ್ರವಿತ್ತು, 1950ರ ಪಟ್ಟಿಯಲ್ಲಿ ಒಂದು ಸಾಲು ಇತ್ತು, ಇದು ಏನು ಎಂದು ಬಲ್ಲ ಜನ ಇದ್ದರು. ನಮ್ಮಲ್ಲೂ 1961ರ ರಾಜ್ಯ ಕಾಯ್ದೆಯಡಿ ಸ್ಮಾರಕಗಳನ್ನು ಸಂರಕ್ಷಿಸುವ ವ್ಯವಸ್ಥೆ ಇದೆ. ಗುಡಿ, ಕೋಟೆ, ಶಾಸನಗಳಿಗೆ ಅದು ನೆರಳಾಗಿದೆ. ಊರಿನ ಹಗೇವು, ಹಳೆ ಕೊಟ್ಟಿಗೆ, ಗಾಣದ ಕಲ್ಲುಗಳತ್ತ ಯಾರಾದರೂ ನೋಡಬೇಕಾದರೆ ಮೊದಲು ನಾವು ನೋಡಬೇಕು. ಅದಕ್ಕೆ ಲಕ್ಷಗಳು ಬೇಡ. ಒಂದು ಟೇಪು, ಒಂದು ಮೊಬೈಲು, ಒಂದು ನೋಟ್‌ಬುಕ್ಕು ಸಾಕು. ಎಷ್ಟು ಉದ್ದ, ಎಷ್ಟು ಅಗಲ, ಯಾರ ಜಾಗ, ಕೊನೆಯ ಸಲ ಯಾವಾಗ ತುಂಬಿದರು, ಹಿರಿಯರು ಏನು ಹೇಳುತ್ತಾರೆ ಎಂದು ಬರೆದಿಡಿ. ಆಮೇಲೆ ಗ್ರಾಮಸಭೆಯಲ್ಲಿ ಎದ್ದು ನಿಂತು ಮಾತಾಡಲು ಕೈಯಲ್ಲಿ ಏನಾದರೂ ಇರುತ್ತದೆ.

ನಮ್ಮ ಓಣಿಯ ಹಗೇವು ಹೋಯಿತು. ಆದರೆ ಊರ ಕೆಳಗೇರಿಯಲ್ಲಿ, ಒಬ್ಬರ ಹಿತ್ತಲಲ್ಲಿ ಇನ್ನೊಂದು ಇದೆ ಎಂದು ಗೊತ್ತಾಯಿತು. ಹೋದ ಭಾನುವಾರ ಹೋಗಿದ್ದೆ. ಮೇಲೆ ಕುಳ್ಳು ಒಟ್ಟಿದ್ದರು. ಮನೆಯ ಅಜ್ಜ ಅದನ್ನು ಸರಿಸಿ ಕಲ್ಲು ತೋರಿಸಿದರು. “ಇದರಾಗ ಏನೈತಪ್ಪ ಬರಿಯಾಕ?” ಎಂದು ನಕ್ಕರು. ಕಲ್ಲಿನ ಅಳತೆ ತೆಗೆದೆ, ಫೋಟೊ ತೆಗೆದೆ. ಒಳಗೆ ನೋಡಲು ಮುಂದಿನ ವಾರ ನಾಲ್ಕು ಜನ ಹುಡುಗರನ್ನು ಕರೆದುಕೊಂಡು ಬರುತ್ತೇನೆ ಎಂದಾಗ ಅಜ್ಜ ನಗು ನಿಲ್ಲಿಸಿ ಹೇಳಿದರು: “ಬರ್ರಿ. ಆದ್ರ ದೀಪ ತರೋದ ಮರೀಬ್ಯಾಡ್ರಿ.”